ದೀಪ ಹಚ್ಚುವ ಹೊತ್ತು, ಆರೂ ಮುಕ್ಕಾಲು

ಆಕಾಶದಲ್ಲಿ ಏನೆಂದು ತಿಳಿಯದ ಬೆಳಕು ಕಂಡೆವು ಎಂದು ಊರಿನವರು ಹೇಳಿದ್ದನ್ನೆಲ್ಲ ನಾನು ಕಂಪ್ಯೂಟರಿನಲ್ಲಿ ಪಟ್ಟಿ ಮಾಡುತ್ತಿದ್ದೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನ ಹುಚ್ಚು. ಬೆಟ್ಟದ ದೀಪ, ವಿಮಾನ, ಶುಕ್ರಗ್ರಹ ಇವನ್ನು ಕಳೆದ ಮೇಲೆ, ಒಂದೇ ದಿನ ಅರ್ಧ ಗಂಟೆಯ ಒಳಗೆ ಬಂದ ವರದಿಗಳನ್ನು ನಾನು ಬರೆದ ಲೆಕ್ಕದ ಪ್ರೋಗ್ರಾಂ, ನನ್ನ ಮಾಡೆಲ್, ಒಂದು ಗುಂಪಿಗೆ ಸೇರಿಸುತ್ತಿತ್ತು.

ಒಂದು ಡಿಸೆಂಬರಿನಲ್ಲಿ ಕೆಸರೆಯಿಂದ ಒಬ್ಬ ಡ್ರೈವರ್ ಬಂದರು. ಹೂಟಗಳ್ಳಿಯ ಕಾರ್ಖಾನೆಯೊಂದರ ಬಸ್ಸು ಓಡಿಸುವವರು. ಹಿಂದಿನ ವಾರ, ಚರ್ಚಿನಲ್ಲಿ ಸಂಜೆಯ ಗಂಟೆ ಹೊಡೆಯುವಾಗ, ಉತ್ತರದಲ್ಲಿ ಕಿತ್ತಳೆ ಬಣ್ಣದ ಬೆಳಕು ಅಲುಗದೆ ನಿಂತದ್ದು ಕಂಡು ಬ್ರೇಕ್ ಹಾಕಿದ್ದರು. ಹಿಂದಿನಿಂದ ವ್ಯಾನು ಬಂದು ಗುದ್ದಿತ್ತು. ಬಸ್ಸಿನಲ್ಲಿದ್ದವರಲ್ಲಿ ಕೆಲವರು ತೂಕಡಿಸುತ್ತಿದ್ದರಂತೆ, ಉಳಿದವರು ಫೋನಿನಲ್ಲಿ ಮುಳುಗಿದ್ದರಂತೆ. ಕುಡಿದಿರಬೇಕು, ಇಲ್ಲವೇ ಕಣ್ಣು ಹೋಗಿರಬೇಕು ಎಂದು ಕಾರ್ಖಾನೆಯವರ ಅನುಮಾನ. ಅವರು ನನ್ನಲ್ಲಿಗೆ ಬಂದ ಮರುದಿನ ಬೆಳಿಗ್ಗೆಯೇ ವಿಚಾರಣೆ.

"ಇನ್ನೊಬ್ರು ಯಾರಾದ್ರೂ ನೋಡಿದ್ರೆ ಸಾಕು ಮೇಷ್ಟ್ರೇ. ಇಲ್ಲಾಂದ್ರೆ ಸ್ಟೀರಿಂಗ್ ಕಿತ್ಕೊಂಬುಡ್ತಾರೆ."

ಅವರ ಎದುರಿಗೇ ಮಾಡೆಲ್ ಓಡಿಸಿದೆ. ಅವರ ವರದಿ ಯಾವ ಗುಂಪಿಗೂ ಸೇರಲಿಲ್ಲ. ನಿಮ್ಮದು ಒಂಟಿ ವರದಿ ಎಂದೆ. ಮೆಲ್ಲಗೆ ಹೇಳಿದೆ ಎಂದೇ ನನ್ನ ನೆನಪು. ಆದರೆ ನನ್ನನ್ನು ಮೃದುವಾಗಿಸುವ ನೆನಪುಗಳನ್ನು ನಾನು ನಂಬುವುದಿಲ್ಲ. ಅವರು ಟೀ ಮುಟ್ಟದೆ ಎದ್ದುಹೋದದ್ದು ಮಾತ್ರ ನಿಜ, ಲೋಟ ಹಾಗೇ ಇತ್ತು.

ಸಂಜೆ ಅಮ್ಮ ದೇವರ ಮುಂದೆ ಬತ್ತಿ ಸರಿಮಾಡುತ್ತಿದ್ದಾಗ ಹಿಂದಿನ ಬೀದಿಯ ಚರ್ಚಿನ ಗಂಟೆ ಹೊಡೆಯಿತು. ಆರು ಗಂಟೆ. ಇಷ್ಟು ಬೇಗ ದೀಪ ಯಾಕೆ ಎಂದು ಕೇಳಿದೆ.

"ಚಳಿಗಾಲ ಕಣೋ, ಆಗ್ಲೇ ಕತ್ತಲಾಯ್ತು. ಗಡಿಯಾರ ನೋಡ್ಕೊಂಡು ಯಾರಾದ್ರೂ ದೀಪ ಹಚ್ತಾರಾ?"

ನಾನು ಹಚ್ಚಿದ್ದೆ. ದೀಪ ಹಚ್ಚೋ ಹೊತ್ತಿಗೆ ಕಂಡೆ ಎಂದವರಿಗೆಲ್ಲ, ವರ್ಷಪೂರ್ತಿ, ಆರೂ ಮುಕ್ಕಾಲು ಎಂದು ತುಂಬಿಸಿದ್ದೆ. ಪಟ್ಟಿ ಶುರುಮಾಡಿದ್ದು ಜೂನ್ ತಿಂಗಳಲ್ಲಿ, ಆಗ ಮನೆಯಲ್ಲಿ ದೀಪ ಹಚ್ಚುತ್ತಿದ್ದದ್ದು ಆ ಹೊತ್ತಿಗೆ. ಪಟ್ಟಿಯನ್ನು ಮತ್ತೆ ತೆಗೆದೆ. ಡ್ರೈವರ್ ಕಂಡ ಅದೇ ದಿನ ಉತ್ತರದ ಕಿತ್ತಳೆ ಬೆಳಕು ಕಂಡವರು ಇನ್ನಿಬ್ಬರಿದ್ದರು. ಇಬ್ಬರೂ ಹೇಳಿದ್ದು ದೀಪ ಹಚ್ಚುವ ಹೊತ್ತು. ಚರ್ಚಿನ ಗಂಟೆಗೆ ಆರು, ದೇವರ ದೀಪಕ್ಕೆ ಆರೂ ಮುಕ್ಕಾಲು: ಡ್ರೈವರನ್ನು ಆ ಇಬ್ಬರಿಂದ ಬೇರೆಮಾಡಿದ್ದು ನಾನು.

ಡ್ರೈವರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಬೆಳಗಿನ ತನಕ ಸ್ವಿಚ್ ಆಫ್.

ಕಾರ್ಖಾನೆಯ ಗೇಟಿನಲ್ಲಿ ಸಿಕ್ಕರು. ಇಸ್ತ್ರಿ ಮಾಡಿದ ಬಿಳಿ ಶರಟು. ತಪ್ಪು ನನ್ನದು ಎಂದು ಹೇಳಿ, ಆ ಇಬ್ಬರ ಮಾತೂ ಇದ್ದ ಹಾಳೆ ಕೊಟ್ಟೆ. ಎರಡು ಸಲ ಓದಿದರು.

"ಅಂಗಾದ್ರೆ ಏನ್ ಮೇಷ್ಟ್ರೇ ಅದು?"

ಗೊತ್ತಿಲ್ಲ ಎಂದೆ. ಮೂವರು ನೋಡಿದ್ದೀರಿ ಎಂಬುದಷ್ಟೇ ಗೊತ್ತು.

ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಒಳಗೆ ಹೋದರು. ಹೊರಗೆ ಎಷ್ಟು ಹೊತ್ತು ಕಾದೆನೋ. ಒಂದು ಗಂಟೆ ಎಂದು ಬರೆದರೆ ಅದೂ ನಾನೇ ತುಂಬಿದ ಅಂಕಿಯಾಗುತ್ತದೆ. ಕೊನೆಗೆ ಗೇಟು ತೆರೆಯಿತು, ಬಸ್ಸು ಹೊರಗೆ ಬಂತು. ಸ್ಟೀರಿಂಗ್ ಹಿಂದೆ ಬಿಳಿ ಶರಟು ಕಂಡಿತು. ಮುಖ ಕಾಣುವವರೆಗೂ ನಾನು ಅಲ್ಲೇ ನಿಂತಿದ್ದೆ. ಅವರೇ.