ಮೂರು ಪ್ಲಾಟ್‌ಫಾರ್ಮ್, ಒಂದೇ ಸೊಪ್ಪು

ಕೆಂಪಾಜಮ್ಮ ಕಿರಣ್‌ಕುಮಾರನ ಅಂಗಡಿಗೆ ಮೊದಲ ಸಲ ಬಂದದ್ದು ನವೆಂಬರ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಹತ್ತೂಕಾಲಿಗೆ. ಹನಗೋಡಿನ ಬಸ್ಸು ಆಗ ತಾನೇ ಹುಣಸೂರು ನಿಲ್ದಾಣಕ್ಕೆ ಬಂದಿತ್ತು. ಹಸಿರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟಿದ್ದ ಹೆಂಗಸೊಬ್ಬರು ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು ಒಳಗೆ ಬಂದರು. ಆ ಅಂಗಡಿಗೆ ಚಪ್ಪಲಿ ಬಿಟ್ಟು ಬಂದವರು ಅದುವರೆಗೆ ಯಾರೂ ಇರಲಿಲ್ಲ. ಅಂಗಿಯ ಜೇಬಿನಿಂದ, ಹಾಲಿನ ಪ್ಯಾಕೆಟ್ಟಿನಲ್ಲಿ ಸುತ್ತಿದ್ದ ಮೊಬೈಲು ತೆಗೆದು ಮೇಜಿನ ಮೇಲಿಟ್ಟರು. ಬೆರಳ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಹೊಗೆಸೊಪ್ಪಿನ ಅಂಟು ಎಂದು ಕಿರಣ್‌ಕುಮಾರನಿಗೆ ನೋಡಿದ ಕೂಡಲೇ ಗೊತ್ತಾಯಿತು. ಅವನ ತಾಯಿಯ ಬೆರಳುಗಳೂ ಹಾಗೇ ಇದ್ದವು.

"ಗ್ಲಾಸು ಒಡ್ದೋಗದೆ ಕಣಪ್ಪ. ಎಷ್ಟೊತ್ತಾಯ್ತದೆ?"

"ಒಂದ್ಗಂಟೆ ಆಯ್ತದೆ ಅಮ್ಮ. ಕೂತ್ಕಳಿ."

"ಬಸ್ಸಲ್ಲಿ ಕೂತ್ಕಂಡೇ ಬಂದೆ. ನಿಂತ್ಕತೀನಿ ಬುಡು."

ನಿಂತವರ ಕಣ್ಣು ಒಳಗಿನ ಗೋಡೆಯ ಕಡೆಗೆ ಹೋಯಿತು. ಮೊಬೈಲ್ ರಿಪೇರಿ ಅಂಗಡಿಯ ಹಿಂಭಾಗದಲ್ಲಿ ಕಿರಣ್‌ಕುಮಾರ ವಿಡಿಯೋ ಗೇಮ್ ಆಡಲು ಮೂರು ಟಿವಿ ಇಟ್ಟಿದ್ದ. ಒಂದು ದೊಡ್ಡದು, ಹೊಸದು, ಇನ್ನೊಂದು ಹಳೆಯದು, ಮೂರನೆಯದು ಯಾರೋ ಮಾರಿ ಹೋದದ್ದು. ಆ ದಿನ ಮೂರರಲ್ಲೂ ಒಂದೇ ದೃಶ್ಯ ನಿಂತಿತ್ತು: ಹಣ್ಣಾದ ಎಲೆಗಳ ಕಾಡು, ನಡುವೆ ಒಬ್ಬ ಬೇಟೆಗಾರ.

ಈ ದೃಶ್ಯದ ಹಿಂದೆ ಕಿರಣ್‌ಕುಮಾರನ ಭವಿಷ್ಯ ನಿಂತಿತ್ತು, ಅಥವಾ ಹಾಗೆಂದು ಅವನು ನಂಬಿದ್ದ. 'ಹಳದಿ ಕಾಡು' ಎಂಬ ಇಂಗ್ಲಿಷ್ ಸಿನಿಮಾ ಕನ್ನಡಕ್ಕೆ ಡಬ್ ಆಗಿ ಓಡಿತ್ತು. ಅದನ್ನು ಆಧರಿಸಿದ ಗೇಮು ಪ್ಲೇಸ್ಟೇಷನ್ ನಾಲ್ಕು, ಪ್ಲೇಸ್ಟೇಷನ್ ಐದು ಮತ್ತು ಸ್ವಿಚ್ ಎಂಬ ಮೂರು ಯಂತ್ರಗಳಿಗೆ ಬಂದಿತ್ತು. ಮೂರನ್ನೂ ಹೋಲಿಸಿ ಕನ್ನಡದಲ್ಲಿ ಲೇಖನ ಬರೆದುಕೊಡಿ ಎಂದು ಮೈಸೂರಿನ ಒಂದು ಅಂತರ್ಜಾಲ ಪತ್ರಿಕೆ ಕೇಳಿತ್ತು. ಸೋಮವಾರ ಕಳಿಸಬೇಕು. ಒಪ್ಪಿಗೆಯಾದರೆ ಪ್ರತಿ ತಿಂಗಳೂ ಅವನ ಹೆಸರಿನಲ್ಲೇ ಅಂಕಣ. ಅವನ ಮನೆತನದಲ್ಲಿ ರೇಷನ್ ಕಾರ್ಡು ಮತ್ತು ಮತದಾರರ ಪಟ್ಟಿ ಬಿಟ್ಟು ಬೇರೆಲ್ಲೂ ಯಾರ ಹೆಸರೂ ಅಚ್ಚಾಗಿರಲಿಲ್ಲ. ಎಂ.ಎ. ಪರೀಕ್ಷೆಗೆ ಓದಿದಷ್ಟೇ ಶ್ರದ್ಧೆಯಿಂದ ಅವನು ಆಗಲೇ ಹನ್ನೆರಡು ಪುಟ ಬರೆದಿದ್ದ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ನಾಲ್ಕಕ್ಕೂ ಐದಕ್ಕೂ ಇರುವ ಹದಿನೇಳು ವ್ಯತ್ಯಾಸಗಳನ್ನು ಪಟ್ಟಿ ಮಾಡಿದ್ದ. ಎಲೆಗಳ ನಡುವೆ ಬಿಸಿಲು ಸೋಸಿ ಬರುವ ಸೊಬಗು ಐದರಲ್ಲಿ ಮಾತ್ರ ಕಾಣುತ್ತದೆ ಎಂಬುದು ಹನ್ನೊಂದನೆಯ ವ್ಯತ್ಯಾಸವಾಗಿತ್ತು.

"ಇದೇನಪ್ಪ, ಮೂರು ಟಿವೀಲೂ ಒಂದೇ ಪಿಚ್ಚರಾಕಿದ್ದೀಯ?"

"ಪಿಚ್ಚರಲ್ಲ ಅಮ್ಮ, ಗೇಮು. ಒಂದೇ ಗೇಮು ಮೂರು ಪ್ಲಾಟ್‌ಫಾರ್ಮಲ್ಲಿ ಬಂದದೆ. ಯಾವ್ದು ಚೆಂದಾಗದೆ ಅಂತ ನೋಡಿ ಬರೀಬೇಕು."

ಕೆಂಪಾಜಮ್ಮನ ಮುಖಕ್ಕೆ ಗೌರವ ಬಂತು. "ಗ್ರೇಡ್ ಮಾಡೋ ಕೆಲ್ಸ ಅನ್ನು. ನಂದೂ ಅದೇಯ. ಯಾವ ಪ್ಲಾಟ್‌ಫಾರ್ಮು, ಕಟ್ಟೆಮಳಲವಾಡಿನಾ?"

ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ಶಂಕರನಿಗೆ ನಗು ಬಂದು ಟೀ ನೆತ್ತಿಗೇರಿತು. ಅವನು ಕಿರಣ್‌ಕುಮಾರನ ಗೆಳೆಯ. ಆಡಲು ಬರುವುದಕ್ಕಿಂತ ಹೆಚ್ಚಾಗಿ ಅಭಿಪ್ರಾಯ ಹೇಳಲು ಬರುತ್ತಿದ್ದವನು. ಆದರೆ ಕೆಂಪಾಜಮ್ಮ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಪ್ಲಾಟ್‌ಫಾರ್ಮ್ ಎಂದರೆ ತಂಬಾಕು ಹರಾಜಾಗುವ ಜಾಗ. ಬೆಳೆಗಾರರು ಬೇಯಿಸಿ ಒಣಗಿಸಿದ ಸೊಪ್ಪನ್ನು ಬ್ರೈಟ್, ಮೀಡಿಯಂ, ಲೋ ಎಂದು ವಿಂಗಡಿಸಿ, ಬೇಲ್ ಎಂಬ ದೊಡ್ಡ ಪಿಂಡಿ ಕಟ್ಟಿ ಅಲ್ಲಿಗೆ ಒಯ್ಯುತ್ತಾರೆ. ಆ ವಿಂಗಡಣೆಯನ್ನು ಕೆಂಪಾಜಮ್ಮ ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದರು. ಗಂಡ ಮಂಚಯ್ಯ ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಹಾಕುತ್ತಿದ್ದ ಕಾಲದಲ್ಲಿ ಕಲಿತ ಕೆಲಸ. ಒಮ್ಮೆ ಅವರಿಗೆ ಕೆಲಸ ಕೊಡುವ ಬೆಳೆಗಾರ ಮಹದೇವಪ್ಪನವರು ಅವಸರ ಮಾಡಿ ಟ್ಯೂಬ್‌ಲೈಟಿನಲ್ಲಿ ವಿಂಗಡಿಸಿ ಬೇಲ್ ಕಟ್ಟಿಸಿದ್ದರು. ಬಿಚ್ಚಿ ಬಿಸಿಲಿನ ಬೆಳಕಿನಲ್ಲಿ ನೋಡಿ ಎಂದು ಕೆಂಪಾಜಮ್ಮ ಹೇಳಿದ್ದನ್ನು ಅವರು ಕೇಳಲಿಲ್ಲ. ಬ್ರೈಟ್ ಎಂದು ಹೋದ ಆ ಬೇಲು ಬೇಡವೆನಿಸಿಕೊಂಡು ಅದೇ ಟ್ರ್ಯಾಕ್ಟರಿನಲ್ಲಿ ವಾಪಸು ಬಂತು. ಅಂದಿನಿಂದ ಮಹದೇವಪ್ಪನವರ ಶೆಡ್ಡಿನಲ್ಲಿ ಮೂರು ನಿಯಮ: ಬೆಳಗಿನ ಬೆಳಕು, ಒಂದೇ ಚಾಪೆ, ಯಾವ ಹೊಲದ ಸೊಪ್ಪು ಎಂದು ಕೇಳುವ ಹಾಗಿಲ್ಲ.

"ಮೂರನ್ನೂ ಮೂರು ಚಾಪೆ ಮೇಲೆ ಹಾಕ್ಕಂಡು ಹೆಂಗಪ್ಪ ನೋಡ್ತೀಯ?" ಎಂದು ಕೆಂಪಾಜಮ್ಮ ಟಿವಿಗಳನ್ನು ತೋರಿಸಿದರು. "ಒಂದ್ರಲ್ಲೇ ಹಾಕು. ಯಾವ್ದು ಅಂತ ಮಾತ್ರ ನಂಗೆ ಹೇಳ್ಬೇಡ."

ಅಷ್ಟರಲ್ಲಿ ಹಾಕಿದ್ದ ಹೊಸ ಗ್ಲಾಸಿನ ಅಂಟು ಒಣಗಬೇಕಿತ್ತು. ಹೊತ್ತು ಕಳೆಯಲಿ ಎಂದು ಕಿರಣ್‌ಕುಮಾರ ಒಪ್ಪಿದ. ಬಾಗಿಲ ಕಡೆಗಿದ್ದ ಟಿವಿಗೆ ಮೂರು ಯಂತ್ರಗಳನ್ನೂ ಒಂದಾದ ಮೇಲೊಂದು ಜೋಡಿಸಿದ. ಪ್ರತಿ ಸಲ ವೈರು ಬದಲಿಸುವಾಗ ಕೆಂಪಾಜಮ್ಮ ರಸ್ತೆಯ ಕಡೆ ಮುಖ ತಿರುಗಿಸಿ ನಿಂತರು. ಮೊದಲು ಸ್ವಿಚ್ ತೋರಿಸಿದ.

"ಎಲೇಲಿ ನರ ಇಲ್ಲ. ಲೋ."

ಎರಡನೆಯದು ಪ್ಲೇಸ್ಟೇಷನ್ ನಾಲ್ಕು. "ಇದು ಮೀಡಿಯಂ."

ಮೂರನೆಯದು ಐದು. ಕೆಂಪಾಜಮ್ಮ ಮೂಗು ತಾಗುವಷ್ಟು ಹತ್ತಿರ ಹೋಗಿ, ಮತ್ತೆ ಹಿಂದೆ ಸರಿದು ನೋಡಿದರು. "ಆಗ್ಲೇ ನೋಡಿದ್ದನ್ನೇ ಯಾಕಪ್ಪ ತಿರ್ಗ ತೋರಿಸ್ತೀಯ?"

"ಇದು ಬೇರೇದು ಅಮ್ಮ."

"ಒಂದೇ ಗಿಡದ ಸೊಪ್ಪು ಕಣಪ್ಪ. ಇದು ಬಿರ್ರನೆ ಬಂತು, ಅಷ್ಟೇಯ."

ಶಂಕರ ಎದ್ದು ಬಂದ. "ಅಮ್ಮೋ, ಇದು ಹೊಸಾದು, ಅದು ಹಳೇದು. ಪ್ರಪಂಚವೇ ಹೇಳ್ತದೆ. ನಿಮ್ಗೆ ಕಣ್ಣು ಸರ್ಯಾಗಿ ಕಾಣಾಕಿಲ್ಲ ಅನ್ಸುತ್ತೆ."

"ನಂದು ಎರಡ್ ಕಣ್ಣೂ ಆಪರೇಸನ್ ಆಗದೆ ಕಣ್ಲಾ. ನಿಂದು ಯಾವಾಗ ಮಾಡುಸ್ತೀಯ?"

ಗ್ಲಾಸು ಹಾಕಿಸಿಕೊಂಡು ಕೆಂಪಾಜಮ್ಮ ಬಸ್ಸಿಗೆ ಹೋದರು. ಕಿರಣ್‌ಕುಮಾರ ಐದರ ಪರದೆಯಲ್ಲಿ ಗೇಮಿನ ಹೆಸರಿನ ಪಕ್ಕ ನೋಡಿದ. ಚಿಕ್ಕ ಅಕ್ಷರದಲ್ಲಿ 'ಪಿಎಸ್4' ಎಂದಿತ್ತು. ಅವನು ಎರಡು ಯಂತ್ರಕ್ಕೂ ಹಾಕಿದ್ದು ಪ್ಲೇಸ್ಟೇಷನ್ ನಾಲ್ಕರ ಡಿಸ್ಕುಗಳನ್ನೇ. ಹೊಸ ಯಂತ್ರ ಹಳೆಯ ಆವೃತ್ತಿಯನ್ನೇ ಬೇಗ ಬೇಗ ಓಡಿಸುತ್ತಿತ್ತು. ಹೊಸ ಆವೃತ್ತಿಯನ್ನು ಬೇರೆಯಾಗಿ ಇಳಿಸಿಕೊಳ್ಳಬೇಕಿತ್ತು. ಹದಿನೇಳು ವ್ಯತ್ಯಾಸಗಳಲ್ಲಿ ಹದಿನಾರು ಅವನು ಐದನ್ನು ಜೋಡಿಸಿದ್ದ ಹೊಸ ಟಿವಿಗೆ ಸೇರಿದ್ದವು. ಹನ್ನೊಂದನೆಯ ವ್ಯತ್ಯಾಸದ ಬಿಸಿಲಂತೂ ಅಂಗಡಿಯ ಕಿಟಕಿಯಿಂದ ಪರದೆಯ ಮೇಲೆ ಬಿದ್ದದ್ದು.

"ಹಂಗೇ ಕಳಿಸ್ಲಾ," ಎಂದ ಶಂಕರ. "ಓದೋರಿಗೆ ಐದೇ ಗೆಲ್ಬೇಕು. ನೀನೂ ಅದನ್ನೇ ಬರ್ದಿದ್ದೀಯ. ಅವ್ರಿಗೂ ಖುಷಿ, ನಿಂಗೂ ಅಂಕಣ."

ಕಿರಣ್‌ಕುಮಾರನಿಗೂ ಹಾಗೆ ಅನ್ನಿಸದೆ ಇರಲಿಲ್ಲ. ಶುಕ್ರವಾರ ಇಡೀ ದಿನ ಅವನು ಹನ್ನೆರಡು ಪುಟವನ್ನು ಮತ್ತೆ ಮತ್ತೆ ಓದಿದ. ಓದಿದಷ್ಟೂ ಅದು ಚೆನ್ನಾಗಿ ಕಾಣುತ್ತಿತ್ತು, ಅದೇ ತೊಂದರೆಯಾಯಿತು. ಯಾರೋ ಟ್ಯೂಬ್‌ಲೈಟಿನಲ್ಲಿ ಕಟ್ಟಿದ ಬೇಲಿನ ಹಾಗಿತ್ತು. ಕೊನೆಗೆ ಹೊಸ ಆವೃತ್ತಿಯನ್ನು ಇಳಿಸಲು ಹಚ್ಚಿದ. ಅಂಗಡಿಯ ನೆಟ್ಟಿನಲ್ಲಿ ಅದು ಮುಗಿಯಲು ಭಾನುವಾರ ಬೆಳಿಗ್ಗೆಯವರೆಗೆ ಬೇಕಾಯಿತು. ಹನಗೋಡಿಗೆ ಫೋನು ಮಾಡಿ ಕೇಳಿಕೊಂಡದ್ದಕ್ಕೆ, ಶೆಡ್ಡಿಗೆ ರಜೆಯಿದ್ದ ಕೆಂಪಾಜಮ್ಮ ಒಂಬತ್ತೂವರೆಗೇ ಬಂದರು. ಈ ಸಲ ಒಂದೇ ನೋಟಕ್ಕೆ ಹೇಳಿದರು.

"ಇದು ಬ್ರೈಟು. ತೊಟ್ಟಿಂದ ತುದೀ ಗಂಟ ಒಂದೇ ಬಣ್ಣ ಅದೆ, ನೆರಳಲ್ಲೂ ನರ ಕಾಣ್ತದೆ. ಆದ್ರೂ ಆ ಮೀಡಿಯಮ್ಮು ತೆಗ್ದಾಕೋ ಅಂಥದ್ದೇನಲ್ಲ."

ಕಿರಣ್‌ಕುಮಾರ ಎರಡೇ ಪುಟ ಬರೆದ. ತಾನು ಮೊದಲು ತಪ್ಪಾಗಿ ಹೋಲಿಸಿದ್ದನ್ನು ಆರಂಭದಲ್ಲೇ ಒಪ್ಪಿಕೊಂಡ. ಆಮೇಲೆ ಕೆಂಪಾಜಮ್ಮ ಹೇಳಿದ್ದನ್ನು ಹೇಳಿದ ಹಾಗೇ ಇಟ್ಟ: ಐದು ಬ್ರೈಟ್, ನಾಲ್ಕು ಮೀಡಿಯಂ, ಸ್ವಿಚ್ ಲೋ.

ಸೋಮವಾರ ಪತ್ರಿಕೆಯ ಸಂಪಾದಕಿ ಸೌಂದರ್ಯ ಫೋನು ಮಾಡಿದರು.

"ಕಿರಣ್ ಅವರೇ, ಚೆನ್ನಾಗಿದೆ. ಆದರೆ ಲೇಖಕರೇ ಮೊದಲ ಸಾಲಲ್ಲಿ ತಪ್ಪು ಮಾಡಿದೆ ಅಂದರೆ ಎರಡನೇ ಸಾಲು ಯಾರು ಓದ್ತಾರೆ? ಅದನ್ನ ತೆಗೆದುಬಿಡೋಣ."

"ತೆಗೆದ್ರೆ ನನ್ನ ಹೆಸರೂ ತೆಗೀರಿ ಮೇಡಂ," ಎಂದ ಕಿರಣ್‌ಕುಮಾರ. ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು.

ಸೌಂದರ್ಯ ಚೌಕಾಸಿಗೆ ಇಳಿದರು. "ಸರಿ, ಕೊನೆಗೆ ಹಾಕ್ತೀನಿ. ಸಣ್ಣ ಅಕ್ಷರದಲ್ಲಿ."

ಲೇಖನ ಮಂಗಳವಾರ ಬಂತು. ಗುರುವಾರದ ಹೊತ್ತಿಗೆ ನಾನೂರು ಪ್ರತಿಕ್ರಿಯೆಗಳಿದ್ದವು. ತಪ್ಪೊಪ್ಪಿಗೆಯನ್ನು ಓದಿದವರ ಗುರುತು ಒಂದರಲ್ಲೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಆಡುವವರಿಗೆ ಲೋ, ಮೀಡಿಯಂ ಎಂದರೆ ಚಿತ್ರದ ಗುಣಮಟ್ಟವನ್ನು ಏರಿಸಿ ಇಳಿಸುವ ಸೆಟ್ಟಿಂಗು. ಸ್ವಿಚ್‌ನಲ್ಲಿ ಲೋ ಎಲ್ಲಿದೆ, ಹುಡುಕಿದರೂ ಸಿಗುತ್ತಿಲ್ಲ ಎಂದು ನೂರಾರು ಜನ ಕೇಳಿದರು. ಸಿಕ್ಕಿತು ಎಂದು ಮೂವರು ಬರೆದರು. ಕೆ.ಆರ್. ನಗರದ ಓದುಗನೊಬ್ಬ ಟಿವಿಯ ಬ್ರೈಟ್‌ನೆಸ್ ನೂರಕ್ಕೆ ಏರಿಸಿದ ಮೇಲೆ ಗೇಮು ಬಹಳ ಸುಧಾರಿಸಿದೆ ಎಂದು ಧನ್ಯವಾದ ತಿಳಿಸಿದ. ಪಿರಿಯಾಪಟ್ಟಣದ ತಂಬಾಕು ಬೆಳೆಗಾರರೊಬ್ಬರಿಂದ ಬಂದ ಒಂದೇ ಒಂದು ಪತ್ರ ಲೇಖನವನ್ನು ಸರಿಯಾಗಿ ಅರ್ಥ ಮಾಡಿಕೊಂಡಿತ್ತು: 'ಗ್ರೇಡ್ ಸರಿ. ತೇವ ಎಷ್ಟಿತ್ತು?'

ಮೂರೂ ಪದಗಳು ತಂಬಾಕಿನವು ಎಂದು ಕಿರಣ್‌ಕುಮಾರ ವಿವರಣೆ ಬರೆದು ಹಾಕಿದ. ಅದನ್ನು ಹನ್ನೊಂದು ಜನ ತೆರೆದು ನೋಡಿದರು.

ಸೌಂದರ್ಯ ಮತ್ತೆ ಫೋನು ಮಾಡಿದರು. "ನಮ್ಮಲ್ಲಿ ಇಷ್ಟು ಚರ್ಚೆ ಆಗಿದ್ದು ಇದೇ ಮೊದಲು. ಅಂಕಣ ಶುರು ಮಾಡಿ. ಆ ಲೋ, ಮೀಡಿಯಂ ಗೊಂದಲ ಇದೆಯಲ್ಲ, ಅದನ್ನ ಮಾತ್ರ ಬಿಡಬೇಡಿ."

ಹೀಗೆ ಕಿರಣ್‌ಕುಮಾರ ಸತ್ಯ ಬರೆದು, ಅದು ಯಾರಿಗೂ ತಿಳಿಯದ ಕಾರಣಕ್ಕೆ ಅಂಕಣಕಾರನಾದ. ಕೆಂಪಾಜಮ್ಮನ ಹೆಸರೂ ತನ್ನ ಹೆಸರಿನ ಜೊತೆ ಬರಬೇಕೆಂದು ಸಂಪಾದಕಿಯನ್ನು ಒಪ್ಪಿಸಿದ. ಸುದ್ದಿ ಹೇಳಲು ಶೆಡ್ಡಿಗೇ ಹೋದ. ಕೆಂಪಾಜಮ್ಮ ಕೈಯಲ್ಲಿದ್ದ ಎಲೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ನನ್ನೆಸ್ರು ಯಾಕಪ್ಪ? ಬೇಲ್ ಮೇಲೆ ಬೆಳ್ದೋರ ನಂಬರಿರ್ತದೆ. ಗ್ರೇಡ್ ಮಾಡ್ದೋಳ ಹೆಸ್ರು ಯಾರಾದ್ರೂ ಬರ್ದವ್ರಾ?"

"ಇದ್ರಲ್ಲಿ ಬರೀತಾರೆ ಅಮ್ಮ."

"ಬರ್ದ್ರೆ ತಪ್ಪಾದಾಗ ನನ್ನೇ ಬೈತಾರಲ್ಲ."

"ಹೂಂ. ಬೈತಾರೆ."

ಕೆಂಪಾಜಮ್ಮ ಆ ಎಲೆಯನ್ನು ಮೀಡಿಯಂ ಗುಡ್ಡೆಗೆ ಹಾಕಿದರು. "ಹಂಗಾದ್ರೆ ಬರೀಲಿ ಬುಡು," ಎಂದರು.

ಕೆಂಪಾಜಮ್ಮ ಈಗಲೂ ಸೆಪ್ಟೆಂಬರಿನಿಂದ ಜನವರಿಯವರೆಗೆ ಮಹದೇವಪ್ಪನವರ ಶೆಡ್ಡಿನಲ್ಲಿ ಸೊಪ್ಪು ವಿಂಗಡಿಸುತ್ತಾರೆ. ಉಳಿದ ತಿಂಗಳುಗಳಲ್ಲಿ ಶುಂಠಿ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಾರೆ. ತಿಂಗಳಿಗೆ ಒಂದು ಭಾನುವಾರ ಬೆಳಿಗ್ಗೆ ಹುಣಸೂರಿಗೆ ಬಂದು, ಕಿರಣ್‌ಕುಮಾರನ ಅಂಗಡಿಯಲ್ಲಿ ಒಂದೇ ಟಿವಿಯಲ್ಲಿ ಗೇಮುಗಳನ್ನು ನೋಡಿ ಗ್ರೇಡ್ ಹೇಳುತ್ತಾರೆ. ಆಡುವುದಿಲ್ಲ.