ಬೆಟ್ಟ ಯಾವ ಕಡೆ?

ಸಿದ್ಧಾರ್ಥನಗರದ ನಮ್ಮ ಪಕ್ಕದ ಮನೆಯ ಆಂಟಿ ದಾರಿ ಹೇಳುತ್ತಿದ್ದುದು ಕೈಯಿಂದಲ್ಲ, ಗದ್ದದಿಂದ. ಮೊದಲು ಗದ್ದ ಚಾಮುಂಡಿ ಬೆಟ್ಟದತ್ತ ತಿರುಗಬೇಕು. ಎಡ, ಬಲವೆಲ್ಲ ಆಮೇಲೆ. ಅವರ ಸೀರೆಯ ಬಣ್ಣ ನೆನಪಿಲ್ಲ. ಹೇಳಿದರೆ ಅದು ನಾನು ಕಟ್ಟಿದ ಕತೆ. ಆ ಗದ್ದ ಮಾತ್ರ ನಿಜ.

ತೊಂಬತ್ತರ ದಶಕದ ಒಂದು ಬೇಸಿಗೆ. ಮೇಟಗಳ್ಳಿಯ ಕಾರ್ಖಾನೆಯಲ್ಲಿದ್ದ ಅವರ ಯಜಮಾನರಿಗೆ ನಾಲ್ಕು ವರ್ಷಕ್ಕೊಮ್ಮೆ ಸಿಗುವ ಪ್ರವಾಸದ ರಜೆ ಬಂದಿತ್ತು. ಅರ್ಜಿಯಲ್ಲಿ ಒಂದೇ ಊರು ಬರೆಯಬೇಕು. ಆರಿಸುವ ಕೆಲಸ, ಸಮುದ್ರವನ್ನೇ ಕಾಣದ ಆಂಟಿಯದು; ಸಮುದ್ರವಿರುವ ಊರೇ ಆಗಬೇಕು ಎಂದರು. ಬರೆಯಲು ನನ್ನನ್ನು ಕೂರಿಸಿಕೊಂಡರು.

"ಗೋವಾ?" ಎಂದೆ.

"ಬೀಚಲ್ಲಿ ನಿಂತ್ರೆ ಬೆಟ್ಟ ಯಾವ ಕಡೆ ಬರುತ್ತೆ?"

"ನಮ್ಮ ಬೆಟ್ಟ ಅಲ್ಲೆಲ್ಲಿ ಆಂಟಿ?"

"ನಮ್ದಲ್ಲ ಕಣಮ್ಮ, ಅವರೂರಿಂದು! ಊರು ಅಂದ್ಮೇಲೆ ಒಂದು ಬೆಟ್ಟ ಇರಲ್ವಾ? ದಾರಿ ತಪ್ಬುಟ್ರೆ?"

ಅಂಡಮಾನಿನಲ್ಲಿ ಬೆಟ್ಟಗಳು ಬೇಕಾದಷ್ಟಿವೆ ಎಂದೆ.

"ಅಯ್ಯೋ, ಅಷ್ಟರಲ್ಲಿ ಯಾವುದನ್ನ ನೋಡ್ಕೊಂಡು ನಡೆಯೋದು?"

ಉಳಿದದ್ದು ಲಕ್ಷದ್ವೀಪ. ಭೂಪಟದ ಚುಕ್ಕೆಗಳನ್ನು ತೋರಿಸಿ, ಅಲ್ಲಿ ಒಂದು ದಿಬ್ಬವೂ ಇಲ್ಲ, ಎತ್ತ ತಿರುಗಿದರೂ ನೀರೇ ಎಂದೆ. ಆಂಟಿ ಎದ್ದರು. ಗದ್ದವೆತ್ತಿ ನಿಂತಲ್ಲೇ ಒಂದು ಸುತ್ತು ತಿರುಗಿದರು.

"ಎತ್ತ ತಿರುಗಿದ್ರೂನಾ? ಬರಿ ಕಣಮ್ಮ, ಬೇಗ ಬರಿ! ದಾರಿ ತಪ್ಪಿದ್ರೂ ಸಮುದ್ರಕ್ಕೇ ಹೋಗ್ತೀವಲ್ಲ!"