ಮೂರು ಕೈ ಸುಣ್ಣ

ಇಳಕಲ್ಲಿನ ನಮ್ಮ ಓಣಿಯಲ್ಲಿ ಈಗ ಸುಣ್ಣ ಹಚ್ಚುವವರು ಇಲ್ಲ, ಎಲ್ಲರದೂ ಡಬ್ಬಿ ಬಣ್ಣ. ಎದುರು ಮನೆಯ ಅಜ್ಜಿ ಒಬ್ಬರು ಮಾತ್ರ ಹಟ ಬಿಟ್ಟಿಲ್ಲ. ಹೋದ ದೀಪಾವಳಿಗೆ ಮುಂಚೆ ಅವರು ಕಟ್ಟೆಯ ಮೇಲೆ ಹಳೆಯ ಎಣ್ಣೆ ಡಬ್ಬಿ ಇಟ್ಟು ಸುಣ್ಣದ ಹರಳಿಗೆ ನೀರು ಸುರಿದರು. ಅದು ಬುಸುಗುಟ್ಟಿ ಕುದಿಯಿತು, ಅದರ ಬಿಸಿ ವಾಸನೆ ರಸ್ತೆ ದಾಟಿ ನಮ್ಮ ಪಡಸಾಲೆಗೆ ಬಂತು. ನಾನು ಆಗ ಪೇಪರಿನಲ್ಲಿ ಟೆಸ್ಟ್ ಕ್ರಿಕೆಟ್ ತಂಡಗಳ ಹೊಸ ಶ್ರೇಯಾಂಕ ನೋಡುತ್ತಿದ್ದೆ. ಯಾರು ಮೇಲೆ ಹೋದರು, ಯಾರು ಕೆಳಗೆ ಬಂದರು ಎಂಬ ಪಟ್ಟಿ ಕೈಯಲ್ಲಿ, ಸುಣ್ಣದ ವಾಸನೆ ಮೂಗಿನಲ್ಲಿ. ಎರಡೂ ಕೂಡಿದ ಮೇಲೆ ವಿದ್ಯಾಗಿರಿಯ ಖಾನಾವಳಿ ಅಕ್ಕಾರು ನೆನಪಾಗದೆ ಹೇಗಿದ್ದಾರು...

ಹದಿನೆಂಟು ಇಪ್ಪತ್ತು ವರ್ಷದ ಹಿಂದಿನ ಮಾತು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಕಾಲೇಜಿಗೆ ಸಂಖ್ಯಾಶಾಸ್ತ್ರ ಕಲಿಸಲು ಬಂದಿದ್ದೆ. ಮದುವೆಯಾಗಿರಲಿಲ್ಲ, ಒಲೆ ಹೊತ್ತಿಸಲು ಬರುತ್ತಿರಲಿಲ್ಲ, ಜಗತ್ತಿನಲ್ಲಿ ಲೆಕ್ಕಕ್ಕೆ ಸಿಗದ್ದು ಏನೂ ಇಲ್ಲ ಎಂಬ ಜಂಬ ಮಾತ್ರ ಬೇಕಾದಷ್ಟಿತ್ತು. ಅಕ್ಕಾರ ಖಾನಾವಳಿಗೆ ಬೋರ್ಡು ಇರಲಿಲ್ಲ. ಎರಡು ಹೊತ್ತು ಬಿಸಿ ರೊಟ್ಟಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಬುಧವಾರ ಎಣಗಾಯಿ. ನಲವತ್ತು ದಾಟಿದ ಹೆಂಗಸು, ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಮಾತು ಕಡಿಮೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಅವರು ಒಳಗಿದ್ದಾರೆ ಎಂದು ತಿಳಿಯಬೇಕು. ಬಡಿಸುವುದಕ್ಕೆ ಐವತ್ತರ ಹತ್ತಿರದ ಒಬ್ಬ ಗಂಡಸಿದ್ದ. ತಲೆ ತಗ್ಗಿಸಿ ಬರುತ್ತಿದ್ದ, ರೊಟ್ಟಿ ಹಾಕುತ್ತಿದ್ದ, ತಲೆ ತಗ್ಗಿಸಿಯೇ ಹೋಗುತ್ತಿದ್ದ. ಸಂಬಳದ ಆಳು ಎಂದು ತಿಳಿದಿದ್ದೆ.

ನಾನು ಹೋದ ಮೊದಲ ದಿನವೇ ಕಣ್ಣಿಗೆ ಬಿದ್ದದ್ದು ಉಣ್ಣುವ ಕೋಣೆಯ ಉದ್ದ ಗೋಡೆ. ಅದರ ಎಡಕ್ಕೆ ಮೇಲಿಂದ ಕೆಳಗೆ ಟೆಸ್ಟ್ ಆಡುವ ದೇಶಗಳ ಹೆಸರು, ಪ್ರತಿ ಹೆಸರಿನ ಮುಂದೆ ಇದ್ದಲಿಯ ಗೆರೆಗಳ ಸಾಲು. ಅದು ಹೇಗೆ ಶುರುವಾಯಿತೆಂದು ತಿಂಗಳ ಲೆಕ್ಕದಲ್ಲಿ ಉಣ್ಣುವ ಹಳೆಯ ಮೆಂಬರುಗಳು ಹೇಳಿದರು. ಖಾನಾವಳಿ ಆರಂಭವಾದ ವರ್ಷ ಯಾವ ತಂಡ ದೊಡ್ಡದು ಎಂಬ ಜಗಳ ಊಟದ ಹೊತ್ತಿನಲ್ಲಿ ದಿನಾ ನಡೆಯುತ್ತಿತ್ತಂತೆ. ಪೇಪರಿನಲ್ಲಿ ಬರುವ ಅಂಕಗಳ ಪಟ್ಟಿ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಅರ್ಥವಾಗದ್ದಕ್ಕೆ ಜಗಳ ಇನ್ನೂ ಜೋರು. ಒಂದು ದಿನ ಯಾರದೋ ಕೈ ಬಡಿದು ಸಾರಿನ ಪಾತ್ರೆ ಉರುಳಿತು. ಅಕ್ಕಾರು ಒಲೆಯಿಂದ ಒಂದು ಇದ್ದಲಿ ಹಿಡಿದು ಹೊರಗೆ ಬಂದರು. ಯಾರು ಗೆದ್ದರು, ಯಾರ ಮನೆಯಲ್ಲಿ ಗೆದ್ದರು, ಅಷ್ಟನ್ನೇ ನನಗೆ ಹೇಳಿರಿ, ನಾನು ಬರೆಯುತ್ತೇನೆ, ನೀವು ಬಾಯನ್ನು ಉಣ್ಣುವುದಕ್ಕೆ ಇಟ್ಟುಕೊಳ್ಳಿರಿ ಎಂದರು.

ತಮ್ಮ ನೆಲದಲ್ಲಿ ಗೆದ್ದರೆ ಒಂದು ಗೆರೆ. ಮಂದಿಯ ನೆಲದಲ್ಲಿ ಗೆದ್ದರೆ ಎರಡು. ಸೋತರೆ ಇದ್ದ ಗೆರೆಗಳಲ್ಲಿ ಒಂದನ್ನು ಹೆಬ್ಬೆರಳಿನಿಂದ ತಿಕ್ಕಿಬಿಡುವುದು, ಮನೆಯಲ್ಲೇ ಸೋತರೆ ಎರಡನ್ನು. ತಿಕ್ಕಿದಲ್ಲಿ ಬೂದಿ ಬಣ್ಣದ ಕಲೆ ಉಳಿಯುತ್ತಿತ್ತು. ಅವರ ಹೆಬ್ಬೆರಳು ಸದಾ ಕಪ್ಪಗೆ. ಭಾರತ ಸೋತ ದಿನ ಹುಡುಗರು ತಿಕ್ಕಬೇಡಿರೆಂದು ಗೋಗರೆಯುತ್ತಿದ್ದರು, ಅವರು ಬಿಡುತ್ತಿರಲಿಲ್ಲ. ನಮ್ಮವರೆಂದು ಬಿಡುವುದಾದರೆ ಗೋಡೆ ಯಾಕೆ ಬೇಕು ಎನ್ನುತ್ತಿದ್ದರು. ಆಟ ಡ್ರಾ ಆದರೆ ಗೆರೆಯೂ ಇಲ್ಲ, ಕಲೆಯೂ ಇಲ್ಲ. ಡ್ರಾ ಎಂದರೇನೆಂದು ನಾನು ಒಮ್ಮೆ ವಿವರಿಸಿ ಹೇಳಿದಾಗ ಅವರು ಕೈಯ ಹಿಟ್ಟು ಕೊಡವಿಕೊಂಡರು.

"ಐದ ದಿನ ಬಿಸಲಾಗ ನಿಂತು ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ ಅಂದ್ರ ಅದು ಆಟ ಅಲ್ರಿ ಸರ್, ಅದು ಸಂಸಾರ."

ತಿಂಗಳ ಒಂದನೇ ತಾರೀಖಿಗೆ ಅವರು ಬಾಗಿಲ ಹತ್ತಿರ ಹೋಗಿ ನಿಂತು, ಕಣ್ಣು ಕಿರಿದು ಮಾಡಿ, ಯಾವ ಸಾಲು ಹೆಚ್ಚು ಕಪ್ಪಗೆ ಕಾಣುತ್ತದೋ ಅದೇ ಮೊದಲನೆಯದು ಎಂದು ಹೇಳಿಬಿಡುತ್ತಿದ್ದರು. ಅದರ ನಂತರದ ಕಪ್ಪು ಎರಡನೆಯದು. ಅಪೀಲು ಇರಲಿಲ್ಲ.

ಇದರಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಸುಣ್ಣ. ಪ್ರತಿ ದೀಪಾವಳಿಗೆ ಆ ಗೋಡೆಗೆ ತೆಳ್ಳಗೆ ಒಂದು ಕೈ ಸುಣ್ಣ ಬೀಳುತ್ತಿತ್ತು. ಹಿಂದಿನ ವರ್ಷದ ಗೆರೆ ಅದರೊಳಗಿಂದ ಮಸುಕಾಗಿ ಕಾಣುತ್ತಿತ್ತು. ಎರಡು ಕೈ ಬಿದ್ದ ಗೆರೆ ಹುಡುಕಿದರೆ ಮಾತ್ರ ಕಾಣುತ್ತಿತ್ತು. ಮೂರು ಕೈ ಬಿದ್ದ ಮೇಲೆ ಏನೂ ಇಲ್ಲ. ಇತ್ತೀಚಿನ ಫಲಿತಾಂಶಕ್ಕೆ ಹೆಚ್ಚು ತೂಕ, ಹಳೆಯದಕ್ಕೆ ಕಡಿಮೆ ಎಂದು ನಾವು ಕರಿಹಲಗೆ ತುಂಬ ಸೂತ್ರ ಬರೆದು ಕಲಿಸುವುದನ್ನು ಈ ಹೆಂಗಸು ಒಂದು ಡಬ್ಬಿ ಸುಣ್ಣದಲ್ಲಿ ಮಾಡುತ್ತಿದ್ದರು. ನಾನು ನೋಟ್‌ಬುಕ್ಕಿನಲ್ಲಿ ನನ್ನದೇ ಪಟ್ಟಿ ಶುರು ಮಾಡಿದೆ. ಒಂದು ವರ್ಷ ಹಳೆಯದಾದರೆ ಅರ್ಧ ತೂಕ, ಎರಡಾದರೆ ಕಾಲು, ಹಾಗೆಯೇ ಇಳಿಯುತ್ತಾ ಹೋಗುವುದು. ನನ್ನ ಪಟ್ಟಿ ಮತ್ತು ಅವರ ಗೋಡೆ ಬಹುಮಟ್ಟಿಗೆ ಹೊಂದುತ್ತಿದ್ದವು. ಒಂದೇ ವ್ಯತ್ಯಾಸವೆಂದರೆ ನನ್ನದರಲ್ಲಿ ಯಾವುದೂ ಎಂದಿಗೂ ಸೊನ್ನೆಯಾಗುತ್ತಿರಲಿಲ್ಲ. ವೆಸ್ಟ್ ಇಂಡೀಸ್ ಒಂದು ಕಾಲಕ್ಕೆ ಯಾರಿಗೂ ಸೋಲದ ತಂಡವಾಗಿತ್ತು, ಅದಕ್ಕೆ ಸ್ವಲ್ಪವಾದರೂ ಬೆಲೆ ಬೇಡವೇ ಎಂದು ನಾನು ವಾದ ಹೂಡಿದ್ದೆ. ಹೋದ ವರ್ಷ ಉಂಡ ರೊಟ್ಟಿ ಇವತ್ತಿನ ಹಸಿವಿಗೆ ಆಗುತ್ತದೆಯೇ ಎಂದು ಕೇಳಿ ಅವರು ಒಳಗೆ ಹೋಗಿದ್ದರು. ಇಂಥ ಜಗಳ ನಮಗೆ ಅಭ್ಯಾಸವಾಗಿತ್ತು. ನನಗೆ ಅದು ಇಷ್ಟವಾಗಿತ್ತು.

ಒಂದು ರವಿವಾರ ಮಧ್ಯಾಹ್ನ ಎಲ್ಲರೂ ಉಂಡು ಹೋದ ಮೇಲೆ ಅಕ್ಕಾರು ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಎದುರಿಗೆ ಕೂತರು. ಹಾಗೆ ಅವರು ಎಂದೂ ಕೂತವರಲ್ಲ.

"ನಿಮ್ಮ ಕಾಲೇಜಿಗೆ ಅಟೆಂಡರ್ ತಗೋತಾರಂತ ಸರ್. ನಮ್ಮ ಮನಿಯವರ ಸಲುವಾಗಿ ಒಂದ ಮಾತ ಹೇಳ್ರಿ."

ಯಾರು ಎಂದು ಕೇಳಿದೆ. ಅವರು ಅಡುಗೆ ಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಬಡಿಸುವ ಆಳು ನಿಂತಿದ್ದ... ನಿಂತಿದ್ದರು. ಒಂದೂವರೆ ವರ್ಷ ಅವರ ಕೈಯಿಂದ ರೊಟ್ಟಿ ಹಾಕಿಸಿಕೊಂಡು ಉಂಡಿದ್ದೆ, ಅಕ್ಕಾರ ಗಂಡ ಅವರೇ ಎಂದು ತಿಳಿದಿರಲಿಲ್ಲ. ಅಕ್ಕಾರು ಅವರನ್ನು ಕರೆಯುವಾಗಲೆಲ್ಲ "ಇಲ್ಲಿ ಬರ್ರಿ" ಎನ್ನುತ್ತಿದ್ದರು. ಅದನ್ನು ಕೇಳಿಯಾದರೂ ತಿಳಿಯಬೇಕಿತ್ತು.

ಉಳಿದದ್ದನ್ನು ಅಕ್ಕಾರೇ ಮುಚ್ಚುಮರೆಯಿಲ್ಲದೆ ಹೇಳಿದರು. ಗಂಡ ಹುನಗುಂದದ ಕಡೆಯ ಒಂದು ಹೈಸ್ಕೂಲಿನಲ್ಲಿ ಜವಾನರಾಗಿದ್ದರು. ಪರೀಕ್ಷೆಗೆ ಮೊದಲೇ ಒಂದು ಪ್ರಶ್ನೆಪತ್ರಿಕೆಯನ್ನು ನೆಂಟರ ಹುಡುಗನಿಗೆ ಕೊಟ್ಟು ಸಿಕ್ಕಿಬಿದ್ದರು. ನೌಕರಿ ಹೋಯಿತು. ಊರು ಬಿಟ್ಟು ಬಂದು ಖಾನಾವಳಿ ತೆಗೆದರು. ಆರು ವರ್ಷವಾಗಿತ್ತು. ಅಂದಿನಿಂದ ಆ ಮನುಷ್ಯ ಒಂದು ಮದುವೆಗೂ ಹೋದವರಲ್ಲ, ಹುನಗುಂದದ ಬಸ್ಸು ಹತ್ತಿದವರಲ್ಲ. ಪಗಾರದ ಆಸೆಗೆ ಕೇಳುತ್ತಿಲ್ಲ, ಉಣ್ಣಲು ರೊಟ್ಟಿ ಇದೆ ಎಂದರು ಅಕ್ಕಾರು. "ಮತ್ತೊಂದ ಸಾಲಿ-ಕಾಲೇಜಿನವರು ಅವರನ್ನ ಒಳಗ ಕರಕೊಂಡ್ರ ಸಾಕ್ರಿ. ತಲಿ ಎತ್ತಿ ನಡೀತಾರ."

ನಾನು ನ್ಯಾಯಾಧೀಶನ ಹಾಗೆ ಕೂತು ಕೇಳಿದೆ. ಪರೀಕ್ಷೆಯ ವಿಷಯ, ಕಾಲೇಜಿನ ಮರ್ಯಾದೆ ಎಂದೆಲ್ಲ ಹೇಳಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನೂ ಸೇರಿಸಿದೆ. ಆ ಮನುಷ್ಯ ಅಲ್ಲೇ ನಿಂತಿದ್ದರು. ಅಕ್ಕಾರು ಗೋಡೆಯ ಕಡೆ ಕೈ ಮಾಡಿದರು.

"ಮೂರ ಕೈ ಸುಣ್ಣ ಬಿದ್ದಮ್ಯಾಲ ನಾವು ಎಣಸೂದಿಲ್ಲಲ್ರಿ ಸರ್. ಗೆದ್ದದ್ದೂ ಇಲ್ಲ, ಸೋತದ್ದೂ ಇಲ್ಲ."

ನಾನು ಎದ್ದೆ. ಕಿಸೆಯಿಂದ ಸ್ಕೂಟರಿನ ಕೀಲಿ ತೆಗೆದು, ಗೋಡೆಯ ಎಡತುದಿಗೆ ಹೋಗಿ, ಬೆಳ್ಳಗಿದ್ದ ಒಂದು ಜಾಗವನ್ನು ಕೆರೆದೆ. ಸುಣ್ಣದ ಪದರು ಉದುರಿತು. ಒಳಗಿಂದ ಬೂದಿ ಬಣ್ಣದ ಕಲೆ ಬಂತು, ಯಾವುದೋ ತಂಡದ ಹಳೆಯ ಸೋಲು. ನೋಡಿರಿ, ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದೆ ಎಂದೆ. ತರಗತಿಯಲ್ಲಿ ಪ್ರಮೇಯ ಸಾಧಿಸಿದಾಗ ಆಗುವಂಥ ಸಂತೋಷ ನನಗೆ ಆಯಿತು. ಅದನ್ನು ಈಗ ಬಚ್ಚಿಡುವುದಿಲ್ಲ.

"ಕೆರದ್ರ ಕಾಣತೈತ್ರಿ ಸರ್," ಎಂದರು ಅಕ್ಕಾರು. "ಅದಕ್ಕ ನಾವು ಕೆರಿಯೂದಿಲ್ಲ."

ಅವರ ಗಂಡ ಬಂದು ಕೂತು, ಜನ ಉಣ್ಣುವ ಜಾಗ ಎಂದೋ ಏನೋ, ನೆಲಕ್ಕೆ ಬಿದ್ದ ಸುಣ್ಣದ ಚೂರುಗಳನ್ನು ಬೆರಳಿನಿಂದ ಒಂದೊಂದಾಗಿ ಆರಿಸತೊಡಗಿದರು. ನಾನು ಸ್ಕೂಟರ್ ಹತ್ತಿ ರೂಮಿಗೆ ಹೋದೆ. ರಾತ್ರಿ ಊಟಕ್ಕೆ ಮತ್ತೆ ಅಲ್ಲಿಗೇ ಹೋದೆ, ಬೇರೆ ಕಡೆ ರೊಟ್ಟಿ ಅಷ್ಟು ಚೆನ್ನಾಗಿರುತ್ತಿರಲಿಲ್ಲ. ಇಬ್ಬರೂ ಎಂದಿನಂತೆ ಇದ್ದರು. ಆ ಕೆಲಸ ಬೇರೆ ಯಾರಿಗೋ ಹೋಯಿತು.

ಮುಂದಿನ ಸೆಮಿಸ್ಟರಿನಲ್ಲಿ ನಾನೊಂದು ತಪ್ಪು ಮಾಡಿದೆ. ಆಂತರಿಕ ಅಂಕಗಳನ್ನು ನಮೂದಿಸುವಾಗ ಒಂದು ಸಾಲು ಜಾರಿತು. ಅಲ್ಲಿಂದ ಕೆಳಗೆ ಒಬ್ಬರ ಅಂಕ ಇನ್ನೊಬ್ಬರಿಗೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ. ಶಿರೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಜಾಣ ಹುಡುಗಿ ಫೇಲಾದಳು. ತಪ್ಪು ಹೊರಗೆ ಬಂದು ತಿದ್ದುಪಡಿ ಆಗುವುದಕ್ಕೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮನೆಯವರು ಅವಳನ್ನು ಕಾಲೇಜು ಬಿಡಿಸಿದ್ದರು. ಅವಳು ಮತ್ತೆ ಬರಲಿಲ್ಲ. ಪ್ರಿನ್ಸಿಪಾಲರು ನನ್ನನ್ನು ಕರೆದು ಚಹಾ ತರಿಸಿ, ಇರಲಿ ಬಿಡಿರಿ, ಎಲ್ಲರಿಗೂ ಆಗುತ್ತದೆ ಎಂದರು. ಅಷ್ಟೇ. ಮೂರು ದೀಪಾವಳಿ ಬೇಕಾಗಲಿಲ್ಲ, ಒಂದು ಕಪ್ ಚಹಾದಲ್ಲಿ ನನ್ನ ಗೋಡೆ ಬೆಳ್ಳಗಾಯಿತು. ನನಗೆ ನಾಚಿಕೆಯಾಯಿತು. ಪ್ರಿನ್ಸಿಪಾಲರ ಮುಂದೆ ಅಲ್ಲ, ಖಾನಾವಳಿಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ.

ಅಲ್ಲಿ ಉಣ್ಣುತ್ತಿದ್ದ ಹುಡುಗರೆಲ್ಲ ನಮ್ಮ ಕಾಲೇಜಿನವರೇ, ಅಕ್ಕಾರಿಗೆ ಗೊತ್ತಿಲ್ಲದೆ ಇರಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ. ಅವರ ಗಂಡ ಬಂದು ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದರು. ಹಾಕಿರಿ ಎಂದೆ. ಮರುದಿನ ಪ್ರಿನ್ಸಿಪಾಲರ ಹತ್ತಿರ ಹೋಗಿ ಅಟೆಂಡರ್ ಕೆಲಸಕ್ಕೆ ಅಕ್ಕಾರ ಗಂಡನ ಹೆಸರು ಹೇಳಿದೆ. ಯಾವ ಕೆಲಸವೂ ಖಾಲಿ ಇಲ್ಲ, ಆಗಲೇ ಹೇಳಬೇಕಿತ್ತು ಎಂದರು. ಹೋಗಿದ್ದೆನೆಂದು ಅಕ್ಕಾರಿಗೆ ಹೇಳಲಿಲ್ಲ. ಯಾವ ಬಾಯಿಂದ ಹೇಳಲಿ...

ಆ ವರ್ಷದ ದೀಪಾವಳಿಗೆ ಸುಣ್ಣ ಹಚ್ಚುವ ಮೊದಲು ಅಕ್ಕಾರು ನಾನು ಕೆರೆದ ಜಾಗಕ್ಕೆ ಗಟ್ಟಿ ಸುಣ್ಣ ತುಂಬಿ ಹೆಬ್ಬೆರಳಿನಿಂದ ಒತ್ತಿದ್ದರು. ಮೇಲೆ ಸುಣ್ಣ ಬಿದ್ದ ಮೇಲೂ ಬೆರಳಿನ ಕುಳಿ ಉಳಿದಿತ್ತು. ಉಣ್ಣುವಾಗ ಅದು ನನ್ನ ಕಣ್ಣಿಗೆ ನೇರ ಬೀಳುತ್ತಿತ್ತು. ಬೇಸಿಗೆಯಲ್ಲಿ ನನಗೆ ಇಳಕಲ್ಲಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅಕ್ಕಾರು ದಾರಿಗೆಂದು ರೊಟ್ಟಿ, ಚಟ್ನಿ ಕಟ್ಟಿಕೊಟ್ಟರು. ತಪ್ಪಾಯಿತು ಎನ್ನಬೇಕೆಂದು ಬಾಗಿಲಲ್ಲಿ ನಿಂತೆ, ಬರುತ್ತೇನೆ ಎಂದು ಬಂದುಬಿಟ್ಟೆ. ಇಳಕಲ್ಲಿನಿಂದ ಬಾಗಲಕೋಟೆ ಏನು ಪರದೇಶವೇ? ಅಂದಿನಿಂದ ನೂರು ಸಲವಾದರೂ ಹೋಗಿದ್ದೇನೆ. ವಿದ್ಯಾಗಿರಿಯ ಆ ರಸ್ತೆಗೆ ಹೋಗಲಿಲ್ಲ.

ಸುಣ್ಣದ ವಾಸನೆ ಬಂದ ಆ ದಿನ ಪೇಪರ್ ಮಡಚಿಟ್ಟು ಬಸ್ಸು ಹತ್ತಿದೆ. ಹುನಗುಂದ ದಾಟುವಾಗ ಏನು ಹೇಳಬೇಕೆಂದು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಖಾನಾವಳಿಗೆ ಈಗ ಬೋರ್ಡು ಇದೆ, ಸ್ಟೀಲ್ ಟೇಬಲ್ಲುಗಳಿವೆ, ಬಡಿಸುವುದಕ್ಕೆ ಬೇರೆ ಜನ ಇದ್ದಾರೆ. ಮೂರು ಗೋಡೆಗಳಿಗೆ ಡಬ್ಬಿ ಬಣ್ಣ. ನಾಲ್ಕನೆಯದು ಮಾತ್ರ ಹೊಗೆ ಹಿಡಿದು ಹಳದಿಯಾಗಿತ್ತು. ಅಕ್ಕಾರ ಗಂಡ ಬಾಗಿಲ ಹತ್ತಿರ ಕುರ್ಚಿಯ ಮೇಲೆ ಕೂತಿದ್ದರು, ತಲೆ ಪೂರಾ ಬೆಳ್ಳಗೆ. ನೋಡಿದ ಕೂಡಲೇ ಗುರುತು ಹಿಡಿದು ಕೈ ತೊಳೆದುಕೊಳ್ಳಿರಿ ಎಂದರು. ನನ್ನ ಕಣ್ಣು ಅಡುಗೆ ಮನೆಯ ಕಡೆ ಹೋಯಿತು. ಅಕ್ಕಾರು ತೀರಿಕೊಂಡು ನಾಲ್ಕು ದೀಪಾವಳಿ ಆದವು ಎಂದರು.

ಗೋಡೆಯ ಮೇಲೆ ಅವರ ಗೆರೆಗಳು ಹಾಗೇ ಇದ್ದವು, ಕಪ್ಪಗೆ, ಸ್ಪಷ್ಟವಾಗಿ. ನನ್ನ ಕಾಲದಲ್ಲಿ ಇಲ್ಲದ ಎರಡು ದೇಶಗಳ ಹೆಸರೂ ಕೆಳಗೆ ಸೇರಿದ್ದವು. ಆ ಪಟ್ಟಿ ಇವತ್ತಿಗೆ ಹೊಂದುವುದಿಲ್ಲ. ಮೇಲಿದ್ದವರು ಕೆಳಗೆ ಬಂದಿದ್ದಾರೆ, ಮನೆಯಲ್ಲಿ ಸೋಲದವರು ಮನೆಯಲ್ಲೇ ಸೋತಿದ್ದಾರೆ. ಸುಣ್ಣ ಹಚ್ಚಿ ಹೊಸದಾಗಿ ಬರೆಯೋಣ ಎಂದು ಹುಡುಗರು ಪ್ರತಿ ವರ್ಷ ಕೇಳುತ್ತಾರಂತೆ.

"ಈ ಗ್ವಾಡಿಗೆ ಮಾತ್ರ ಸುಣ್ಣ ಹಚ್ಚೂದಿಲ್ರಿ ಸರ್," ಎಂದರು. "ಮೂರ ಕೈ ಬಿದ್ರ ಆಕಿ ಕಾಣೂದಿಲ್ಲ."

ಎಡತುದಿಯಲ್ಲಿ ಹೆಬ್ಬೆರಳಿನ ಕುಳಿ ಇತ್ತು. ಉಣ್ಣಲು ಕೂತು ಅದನ್ನು ನೋಡುತ್ತಾ, ಹದಿನೆಂಟು ವರ್ಷ ತಡವಾಗಿ, "ಅವತ್ತ ನಾ ಈ ಗ್ವಾಡಿ ಕೆರೀಬಾರದಿತ್ರಿ" ಎಂದೆ.

ಅವರು ಗೋಡೆ ನೋಡಿದರು, ನನ್ನನ್ನು ನೋಡಿದರು. ತಲೆ ತಗ್ಗಿಸಿರಲಿಲ್ಲ.

"ಯಾವತ್ರಿ ಸರ್?" ಎಂದು ಕೇಳಿ, ಎದ್ದು ಹೋಗಿ ತಾವೇ ಒಂದು ರೊಟ್ಟಿ ತಂದು ನನ್ನ ತಾಟಿಗೆ ಹಾಕಿದರು.

ನಿಜವಾಗಿ ಮರೆತಿದ್ದರೋ, ಅಕ್ಕಾರಿಂದ ಕಲಿತಿದ್ದರೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಕೈ ತೊಳೆದು ಬರುವಾಗ ಯಾರೂ ನೋಡದ ಹಾಗೆ ಆ ಕುಳಿಯಲ್ಲಿ ನನ್ನ ಹೆಬ್ಬೆರಳು ಇಟ್ಟೆ. ಅಕ್ಕಾರ ಬೆರಳು ಸಣ್ಣದು, ನನ್ನದು ಕೂಡಲಿಲ್ಲ. ಅವರಿರುವಾಗ ಬರಬೇಕಿತ್ತು. ಇಳಕಲ್ಲಿಗೆ ಬಂದಾಗ ಎದುರು ಮನೆಯ ಗೋಡೆ ಬೆಳ್ಳಗಾಗಿತ್ತು, ಅಜ್ಜಿ ಖಾಲಿ ಡಬ್ಬಿ ತೊಳೆಯುತ್ತಿದ್ದರು.